ಮಿಮಿಕ್ರಿ ಬಿಟ್ಟು ರಾಜಕೀಯ ವಿಶ್ಲೇಷಣೆಗೆ ಇಳಿಯಲಾ?

ನೀವು ಕೋಲಾರದ ಕಡೆ ಆರ್ಕೆಸ್ಟ್ರಾಗಳಲ್ಲಿ ಮಿಮಿಕ್ರಿ ಮಾಡುತ್ತೀರಿ. ಅದನ್ನು ಬಿಟ್ಟು ತಮಿಳಿನ ಹಾಸ್ಯನಟ, ಪತ್ರಕರ್ತ ಚೋ ರಾಮಸ್ವಾಮಿ ಥರ ರಾಜಕೀಯ ಮಾತಾಡುವ ಚಾನೆಲ್ ಮಾಡಬೇಕು ಅಂತಿದ್ದೀರಿ. "ಸ್ವಲ್ಪ ವಿವಾದ ಆದ್ರೂ ಪರವಾಗಿಲ್ಲ, ವ್ಯೂಸ್ ಬರುತ್ತಲ್ಲ" ಅಂತಲೂ ಸೇರಿಸಿದ್ದೀರಿ. ಆ ಕೊನೆಯ ಸಾಲು ಓದಿ ನನಗೆ 2020ರ ಡಿಸೆಂಬರ್ ನೆನಪಾಯಿತು.

ನಮ್ಮದು ತುಮಕೂರು ಜಿಲ್ಲೆ, ಗುಬ್ಬಿ ತಾಲೂಕು. ಗುಬ್ಬಿ ವೀರಣ್ಣನವರ ಕಡೆಯವರು ಅನ್ನೋ ಜಂಬ ಬೇರೆ. ಗಣೇಶನ ಪೆಂಡಾಲು, ಜಾತ್ರೆ, ಮದುವೆ ಆರತಕ್ಷತೆ, ಎಲ್ಲಿ ಕರೆದರೂ ಹೋಗುತ್ತಿದ್ದೆ. ರಾಜ್‌ಕುಮಾರ್, ದೇವೇಗೌಡರು, ಯಡಿಯೂರಪ್ಪ, ಕೊನೆಗೆ ಒಂದು ಕೆಟ್ಟುಹೋದ ಟಿವಿಎಸ್ ಗಾಡಿ. ಒಂದು ಪ್ರೋಗ್ರಾಂಗೆ 1,500 ರೂಪಾಯಿ, ಮೇಲೆ ಊಟ.

ಕೊರೋನಾ ಬಂದು ಎಲ್ಲ ನಿಂತುಹೋಯಿತು. ಸುಮ್ನೆ ಕೂರಲಾಗದೆ ಚಾನೆಲ್ ಶುರು ಮಾಡಿದೆ. ಕೊಬ್ಬರಿ ರೇಟು, ಹೇಮಾವತಿ ನೀರು, ಯಾವ ಕೆರೆಗೆ ಬಂತು, ಯಾವ ಕೆರೆಗೆ ಬರಲಿಲ್ಲ. ನಮ್ಮ ಕಡೆ ರಾಜಕೀಯ ಅಂದರೆ ಮುಕ್ಕಾಲು ಪಾಲು ಅದೇ. ಐದೇ ತಿಂಗಳಲ್ಲಿ ಒಂಬತ್ತು ಸಾವಿರ ಜನ ಸೇರಿದರು. ಯಾರೋ ಕಾಮೆಂಟಿನಲ್ಲಿ "ರಾಜಕೀಯ ವಿಶ್ಲೇಷಕರು" ಅಂತ ಬರೆದರು. ಅಮ್ಮ ಅದನ್ನು ಬೀದಿಯವರಿಗೆಲ್ಲ ಓದಿ ಹೇಳಿದಳು. ನಾನು ವೇಸ್ಟ್‌ಕೋಟು ಹಾಕಿಕೊಂಡು ಕ್ಯಾಮೆರಾ ಮುಂದೆ ಕೂರತೊಡಗಿದೆ. ಕೆಳಗೆ ಲುಂಗಿನೇ, ಅದು ಕಾಣಲ್ಲವಲ್ಲ.

ಆಗ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಆ ಸಲ 22 ಮತ್ತು 27ನೇ ತಾರೀಖು ಎರಡು ಹಂತದಲ್ಲಿ ನಡೆಯಿತು. ಪಂಚಾಯಿತಿಗೆ ಪಕ್ಷದ ಚಿಹ್ನೆ ಇರಲ್ಲ, ಆದರೆ ಯಾರು ಯಾರ ಕಡೆಯವರು ಅಂತ ಊರಿನ ನಾಯಿಗೂ ಗೊತ್ತಿರುತ್ತೆ. ನನ್ನ ಸೋದರಮಾವ ನಿಂತಿದ್ದರು, ತಾಲೂಕಿನ ಒಬ್ಬ ಮುಖಂಡರ ಬೆಂಬಲದಲ್ಲಿ. ಮಾವ ಅಂದರೆ ನನಗೆ ಮೊದಲ ಮೈಕ್ ಕೊಡಿಸಿದವರು.

ನಾನು ಮಾಡಿದ್ದು ಎರಡು ನಿಮಿಷದ ಒಂದು ಆಡಿಯೋ. ಆ ಮುಖಂಡರು ಫೋನಿನಲ್ಲಿ ಯಾರಿಗೋ ಹೇಳುವ ಹಾಗೆ: "ಕೆರೆಗೆ ನೀರು ಬೇಕಂತಾ? ಮೊದ್ಲು ಓಟು ಹಾಕ್ಲಿ, ಆಮೇಲೆ ತೂಬು ಎತ್ತೋಣ. ಇಲ್ದಿದ್ರೆ ಬಿಂದಿಗೆ ಹಿಡ್ಕೊಂಡು ಗೊರೂರು ಡ್ಯಾಮಿಗೇ ಹೋಗ್ಲಿ." ಶುರುವಿನ ಎಂಟು ಸೆಕೆಂಡು ನನ್ನ ದನಿಯಲ್ಲೇ ಹೇಳಿದ್ದೆ: ನಮಸ್ಕಾರ, ಇದು ಬರೀ ತಮಾಷೆ. ಯಾರೋ ಆ ಎಂಟು ಸೆಕೆಂಡು ಕತ್ತರಿಸಿ ವಾಟ್ಸಾಪಿಗೆ ಬಿಟ್ಟರು.

ಕತ್ತರಿಸಿದವನ ಮೇಲೆ ತುಂಬಾ ದಿನ ಸಿಟ್ಟಿತ್ತು. ಈಗಿಲ್ಲ. ತಪ್ಪು ನನ್ನದೇ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನಿಮಗೆ ಬೇಕಾಗಿರುವುದು ಇದೇ. ಸ್ಟೇಜಿನ ಮೇಲೆ ನಾವು ದನಿ ತೆಗೆಯೋ ಮುಂಚೆ ಟವೆಲ್ ಹೆಗಲಿಗೆ ಹಾಕುತ್ತೇವೆ, ಕತ್ತು ಓರೆ ಮಾಡುತ್ತೇವೆ. ಜನ ನೋಡುತ್ತಾ ಇರುತ್ತಾರೆ. ನಡುವೆ ನಗು ಬೀಳುತ್ತೆ, ನಾವೂ ನಗುತ್ತೇವೆ. ಇದು ಸುಳ್ಳು ಅಂತ ಪ್ರತಿ ನಿಮಿಷ ಹೇಳುತ್ತಲೇ ಇರುತ್ತೇವೆ, ಅಲ್ವಾ? ಆ ಆಡಿಯೋದಲ್ಲಿ ನಾನು ಅದನ್ನೆಲ್ಲ ಬೇಕಂತಲೇ ತೆಗೆದಿದ್ದೆ. ಫೋನಿನ ಗರಗರ ಸೇರಿಸಿದ್ದೆ. ಹಿಂದೆ ಒಂದು ಬಸ್ಸಿನ ಹಾರ್ನ್. ನಗು ಬರುವ ಎರಡು ಮಾತು ಬರೆದಿದ್ದೆ, ಅವನ್ನೂ ಹೊಡೆದುಹಾಕಿದೆ. ಯಾಕೆ? ನಾನು ಈಗ ವಿಶ್ಲೇಷಕ, ಕೋಡಂಗಿ ಅಲ್ಲ ಅಂತ. ಮಿಮಿಕ್ರಿ ಅಂದರೆ ಇರೋದಕ್ಕಿಂತ ಒಂಚೂರು ಜಾಸ್ತಿ ಮಾಡೋದು. ಆ ಜಾಸ್ತಿಯಲ್ಲೇ ನಮ್ಮ ರಕ್ಷಣೆ. ಅದನ್ನು ತೆಗೆದ ಮೇಲೆ ಉಳಿದದ್ದು ಕಳ್ಳ ದನಿ ಅಷ್ಟೇ.

ರಾತ್ರಿ ಮಾವ ಬಂದರು. ಜಗಲಿ ಮೇಲೆ ಕೂತು ಆಡಿಯೋ ಹಾಕಿದರು. ನಡುವೆ ಒಂದು ಕೆಮ್ಮು ಬರುತ್ತೆ, ಬೀಡಿ ಸೇದುವವರ ಉದ್ದನೆಯ ಕೆಮ್ಮು. ಅಲ್ಲಿಗೆ ನಿಲ್ಲಿಸಿದರು.

"ದನಿ ಅವರದ್ದೇ ಇರ್ಬೋದು ಕಣಪ್ಪ. ಈ ಕೆಮ್ಮು ಮಾತ್ರ ನಂದು."

ಮಾವ ಹದಿನಾಲ್ಕು ಓಟಿನಲ್ಲಿ ಸೋತರು. ನನ್ನನ್ನು ಠಾಣೆಗೆ ಕರೆಸಿದರು. ಚುನಾವಣೆಯಲ್ಲಿ ಸುಳ್ಳು ಹೇಳಿಕೆಗೆ ಆಗ ಐಪಿಸಿ 171ಜಿ ಇತ್ತು, ಬರೀ ದಂಡದ ಸೆಕ್ಷನ್ನು, ಅದೂ ಅಭ್ಯರ್ಥಿಯ ಬಗ್ಗೆ ಹೇಳಿದ್ದರೆ. ಮುಖಂಡರು ಅಭ್ಯರ್ಥಿ ಅಲ್ಲವಲ್ಲ. ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಈಗ ಐಪಿಸಿ ಬದಲಿಗೆ ಬಂದಿರುವ ಬಿಎನ್‌ಎಸ್‌ನಲ್ಲಿ (ಭಾರತೀಯ ನ್ಯಾಯ ಸಂಹಿತೆ) ಅದೇ 175 ಆಗಿದೆ. ಮಾನಹಾನಿ 356, ಎರಡು ವರ್ಷದವರೆಗೆ ಜೈಲು ಇದೆ. ಇವೆರಡು ನಂಬರು ನಿಮಗೆ ನೆನಪಿರಲಿ.

ಇನ್ನು ಚೋ ವಿಷಯ. ಅವರು ಕಾಮಿಡಿ ಬಿಟ್ಟು ರಾಜಕೀಯಕ್ಕೆ ಬಂದರು ಅಂತ ನಿಮಗೆ ಹೇಳಿದವರು ಯಾರು? 1968ರಲ್ಲಿ ತುಘಲಕ್ ನಾಟಕ ಆಡಿದರು. ಸುಲ್ತಾನ ಅಂತ ಹೇಳಿಕೊಂಡು ಬಂದವನು ಈ ಕಾಲದಲ್ಲಿ ಪ್ರಧಾನಿಯಾಗಿಬಿಡುವ ಕತೆ. 1970ರಲ್ಲಿ ಅದೇ ಹೆಸರಲ್ಲಿ ಪತ್ರಿಕೆ ತೆಗೆದರು. ಆಮೇಲೂ ಸಿನಿಮಾದಲ್ಲಿ ನಗಿಸುತ್ತಲೇ ಇದ್ದರು, ರಾಜ್ಯಸಭೆಗೆ ಹೋಗಿದ್ದು 1999ರಲ್ಲಿ. ವೇಷ ಹಾಕಿಕೊಂಡೇ ಬೈದರು. ಸುಲ್ತಾನನ ವೇಷದಲ್ಲಿರುವವನ ಮಾತನ್ನು ಯಾರೂ ನಿಜ ಅಂತ ಹಂಚಲ್ಲ. ಇನ್ನೊಂದು, ಅವರು ಓದಿದ್ದು ಲಾಯರ್ ಕೆಲಸ. ನೀವು? ನಮ್ಮ ಮಾಸ್ಟರ್ ಹಿರಣ್ಣಯ್ಯನವರನ್ನೇ ನೋಡಿ, 'ಲಂಚಾವತಾರ' ಆಡುತ್ತಾ ಮಂತ್ರಿಗಳಿಗೆ ಬೈದಿದ್ದಕ್ಕೆ ಲೆಕ್ಕ ಇಲ್ಲ, ಅದಕ್ಕಾಗಿ ನಾಟಕ ಬಿಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನಗನಿಸುತ್ತೆ. ಬಿಡಬೇಡಿ. ರಾಜಕೀಯ ಮಾತಾಡಿ, ಮುಖ ತೋರಿಸಿಕೊಂಡು, ಟವೆಲ್ ಹೆಗಲಿಗೆ ಹಾಕಿಕೊಂಡು ಮಾತಾಡಿ. ಬರೀ ಆಡಿಯೋ ಅಂತೂ ಬೇಡವೇ ಬೇಡ. ಎಲ್ಲಿ ಕತ್ತರಿಸಿದರೂ ಒಂದು ನಗು ಸಿಗೋ ಹಾಗೆ ಮಾಡಿ. ವ್ಯೂಸ್ ಬಗ್ಗೆ ಕೇಳಿದ್ದೀರಿ: ಆ ಆಡಿಯೋ ಊರೂರು ತಿರುಗಿತು, ನನ್ನ ಚಾನೆಲ್‌ಗೆ ಒಂದು ವ್ಯೂ ಕೂಡ ಬರಲಿಲ್ಲ. ನನ್ನ ಹೆಸರಿದ್ದದ್ದು ಕತ್ತರಿಸಿದ ಎಂಟು ಸೆಕೆಂಡಿನಲ್ಲಿ.

ಮಾವ ಒಂದೂವರೆ ವರ್ಷ ಮಾತಾಡಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಕಾಯಿ ಕೀಳಿಸ್ತಿದ್ದೀನಿ, ಆಳು ಸಿಕ್ಕಿಲ್ಲ, ಬಾ" ಅಂದರು. ಹೋಗಿ ಸಂಜೆವರೆಗೆ ಕಾಯಿ ಹೊತ್ತೆ. ಚಾನೆಲ್ ಈಗಲೂ ಇದೆ, ವೇಸ್ಟ್‌ಕೋಟು ಇಲ್ಲ. ಆ ಕೆಮ್ಮನ್ನು ಸ್ಟೇಜಿನ ಮೇಲೂ ಮಾಡಲ್ಲ.