ಚಾರ್ಜರ್ ತೆಗೆದೊಡನೆ ಗೇಮ್ ನಿಧಾನವಾಗುವುದೇಕೆ?

ಪ್ರಶ್ನೆ: ನನ್ನ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಚಾರ್ಜರ್ ಹಾಕಿ ಆಡುವಾಗ ಸೆಕೆಂಡಿಗೆ ಸುಮಾರು 90 ಫ್ರೇಮ್‌ಗಳು ಬರುತ್ತವೆ. ಚಾರ್ಜರ್ ತೆಗೆದ ಕೂಡಲೇ ಅದು 30ಕ್ಕೆ ಇಳಿಯುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೂ, ವಿಂಡೋಸ್‌ನ ಪವರ್ ಮೋಡ್ ಅನ್ನು ಗರಿಷ್ಠಕ್ಕೆ ಇಟ್ಟರೂ ಹೀಗೆಯೇ ಆಗುತ್ತದೆ. ಬ್ಯಾಟರಿ ಕೆಟ್ಟಿದೆಯೇ? ಹೊಸದನ್ನು ಹಾಕಿಸಬೇಕೇ?

ಉತ್ತರ: ದಯವಿಟ್ಟು ಈ ಕಾರಣಕ್ಕಾಗಿ ಬ್ಯಾಟರಿ ಬದಲಾಯಿಸಬೇಡಿ. ನೀವು ವಿವರಿಸಿರುವುದು ದೋಷವಲ್ಲ, ತಯಾರಕರು ಬೇಕೆಂದೇ ವಿಧಿಸಿರುವ ಮಿತಿ.

ಗೇಮಿಂಗ್ ಲ್ಯಾಪ್‌ಟಾಪ್‌ಗಳ ಜೊತೆ ಬರುವ ಅಡಾಪ್ಟರ್‌ಗಳು ಸಾಮಾನ್ಯವಾಗಿ 180ರಿಂದ 330 ವಾಟ್‌ನವು. ಗ್ರಾಫಿಕ್ಸ್ ಚಿಪ್ ಒಂದೇ 100 ವಾಟ್‌ಗಿಂತ ಹೆಚ್ಚು ಎಳೆಯಬಲ್ಲದು. ಪ್ರೊಸೆಸರ್, ಪರದೆ, ಫ್ಯಾನ್‌ಗಳ ಬಳಕೆ ಬೇರೆ. ಇದೆಲ್ಲ ಸೇರಿ 200 ವಾಟ್ ಎಂದುಕೊಂಡರೆ, 90 ವಾಟ್-ಅವರ್‌ನ ಬ್ಯಾಟರಿ ಲೆಕ್ಕದ ಪ್ರಕಾರವೇ 27 ನಿಮಿಷಕ್ಕೆ ಬರಿದಾಗಬೇಕು. ಅದಕ್ಕಿಂತ ದೊಡ್ಡ ತೊಡಕು ಕರೆಂಟಿನದು: ಸುಮಾರು 15 ವೋಲ್ಟ್‌ನ ಬ್ಯಾಟರಿಯಿಂದ 200 ವಾಟ್ ಪಡೆಯಲು 13 ಆಂಪಿಯರ್‌ಗೂ ಹೆಚ್ಚು ಕರೆಂಟ್ ಹರಿಯಬೇಕು, ಆಗ ಸೆಲ್‌ಗಳ ಒಳರೋಧದಿಂದಾಗಿ ವೋಲ್ಟೇಜ್ ಕುಸಿಯುತ್ತದೆ, ಸೆಲ್‌ಗಳು ಬಿಸಿಯಾಗುತ್ತವೆ, ಬೇಗ ಸವೆಯುತ್ತವೆ. ಆದ್ದರಿಂದಲೇ ಚಾರ್ಜರ್ ಇಲ್ಲದಾಗ ಲ್ಯಾಪ್‌ಟಾಪ್‌ನ ಫರ್ಮ್‌ವೇರ್ (ಯಂತ್ರದೊಳಗೇ ಅಡಕವಾಗಿರುವ ಮೂಲ ತಂತ್ರಾಂಶ) ಗ್ರಾಫಿಕ್ಸ್ ಚಿಪ್‌ನ ವಾಟ್ ಮಿತಿಯನ್ನು ತಗ್ಗಿಸಿಬಿಡುತ್ತದೆ. ಈ ಮಿತಿ ವಿಂಡೋಸ್‌ಗಿಂತ ಕೆಳಗಿನ ಹಂತದಲ್ಲಿರುವುದರಿಂದ ಪವರ್ ಮೋಡ್ ಬದಲಾಯಿಸಿ ಅದನ್ನು ಮೀರಲಾಗದು. ಇನ್ನೂ ದೊಡ್ಡ ಬ್ಯಾಟರಿ ಏಕಿಲ್ಲವೆಂದು ಕೇಳಬಹುದು. 100 ವಾಟ್-ಅವರ್ ಮೀರಿದ ಬ್ಯಾಟರಿಯನ್ನು ವಿಮಾನದಲ್ಲಿ ಒಯ್ಯಲು ವಿಮಾನಯಾನ ಸಂಸ್ಥೆಯ ಅನುಮತಿ ಬೇಕಾಗುವುದರಿಂದ ತಯಾರಕರು ಅಲ್ಲಿಗೇ ನಿಲ್ಲುತ್ತಾರೆ.

ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು 30 ಎಂಬ ಅಂಕಿ. ಆಡುವಾಗ ಫ್ರೇಮ್ ಕೌಂಟರ್ ನೋಡಿ. ಗೇಮ್‌ನೊಳಗೆ ಗೋಡೆಯ ಕಡೆ ತಿರುಗಿದರೂ, ಜನಜಂಗುಳಿಯ ಕಡೆ ತಿರುಗಿದರೂ ಅದು 30ರಲ್ಲೇ ಅಲುಗದೆ ನಿಂತಿದ್ದರೆ, ವಾಟ್ ಮಿತಿಯ ಜೊತೆಗೆ ಫ್ರೇಮ್ ಮಿತಿಯೂ ಇದೆ ಎಂದರ್ಥ. ಎನ್‌ವಿಡಿಯಾ ಚಿಪ್ ಇರುವ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಬೂಸ್ಟ್ ಎಂಬ ಸೌಲಭ್ಯ ಹೀಗೆ ಮಾಡುತ್ತದೆ, ಅದನ್ನು ಆ ಕಂಪನಿಯ ತಂತ್ರಾಂಶದಲ್ಲೇ ಆಫ್ ಮಾಡಬಹುದು. ಅಂಕಿ 25, 38, 31 ಎಂದು ಏರಿಳಿಯುತ್ತಿದ್ದರೆ ಅದು ವಾಟ್ ಮಿತಿಯದೇ ಪರಿಣಾಮ.

ಬ್ಯಾಟರಿಯಲ್ಲಿ ಆಡಲೇಬೇಕಾದಾಗ 90ರ ಹಿಂದೆ ಬೀಳದೆ, ಸ್ಥಿರವಾದ 40ನ್ನು ಗುರಿಯಾಗಿಟ್ಟುಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಪರದೆ 120 ಹರ್ಟ್ಜ್‌ನದಾಗಿದ್ದರೆ, ಅಂದರೆ ಸೆಕೆಂಡಿಗೆ 120 ಬಾರಿ ಚಿತ್ರ ಮೂಡಿಸುವಂಥದ್ದಾಗಿದ್ದರೆ, ಪ್ರತಿ ಫ್ರೇಮ್ ಸರಿಯಾಗಿ ಮೂರು ಬಾರಿ ಮೂಡುವುದರಿಂದ ಚಲನೆ ತಡವರಿಸುವುದಿಲ್ಲ. ನೆರಳುಗಳ ಗುಣಮಟ್ಟ ಇಳಿಸಿ, ಡಿಎಲ್‌ಎಸ್‌ಎಸ್ ಅಥವಾ ಎಫ್‌ಎಸ್‌ಆರ್ (ಚಿತ್ರವನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ರಚಿಸಿ ಹಿಗ್ಗಿಸುವ ತಂತ್ರಗಳು) ಬಳಸಿದರೆ ಕಡಿಮೆ ವಾಟ್‌ನಲ್ಲೇ ಇದು ಸಾಧ್ಯವಾಗಬಹುದು. 100 ವಾಟ್‌ನ ಟೈಪ್-ಸಿ ಚಾರ್ಜರ್‌ನಿಂದ ಮೂಲ ಅಡಾಪ್ಟರ್‌ನಷ್ಟೇ ವೇಗ ಸಿಗುತ್ತದೆಂದು ಮಾತ್ರ ನಿರೀಕ್ಷಿಸಬೇಡಿ.

ಬ್ಯಾಟರಿಯ ಬಗ್ಗೆ ಅನುಮಾನ ಉಳಿದಿದ್ದರೆ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್‌ನಲ್ಲಿ ಮೂಲ ಸಾಮರ್ಥ್ಯವನ್ನೂ ಈಗಿನ ಪೂರ್ಣ ಚಾರ್ಜ್ ಸಾಮರ್ಥ್ಯವನ್ನೂ ಹೋಲಿಸಿ ನೋಡಿ. ಎರಡನೆಯದು ಅರ್ಧಕ್ಕೆ ಇಳಿದಿದ್ದರೆ ಬದಲಾಯಿಸುವ ಯೋಚನೆ ಮಾಡಬಹುದು. ಲ್ಯಾಪ್‌ಟಾಪ್‌ನ ತಳ ಅಥವಾ ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಮಾತ್ರ ತಡಮಾಡದೆ ಬಳಕೆ ನಿಲ್ಲಿಸಿ, ಸರ್ವಿಸ್ ಸೆಂಟರ್‌ಗೆ ತೋರಿಸಿ.