ಮನೆ ಹನ್ನೊಂದು, ಅಂಗಳ ಒಂದು

ಪ್ರಶ್ನೆ: ನಾವು ಹನ್ನೊಂದು ಸ್ನೇಹಿತ ಕುಟುಂಬಗಳು. ಕೆಲವರು ನಿವೃತ್ತರು, ಕೆಲವರ ಮಕ್ಕಳು ಇನ್ನೂ ಶಾಲೆಯಲ್ಲಿದ್ದಾರೆ. ಪ್ರತಿ ಕುಟುಂಬಕ್ಕೂ ಸ್ವಂತ ಮನೆ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಊಟದ ಹಜಾರ ಮತ್ತು ತೋಟ ಇರುವಂತೆ ಒಂದೇ ಕಡೆ ಕಟ್ಟಿಕೊಳ್ಳುವ ಆಸೆ. ಊರಾಚೆ ಒಂದೂಕಾಲು ಎಕರೆ ಕೃಷಿ ಜಮೀನು ನೋಡಿದ್ದೇವೆ. ಮಾಲೀಕರು ಮುಂಗಡಕ್ಕೆ ಅವಸರಪಡಿಸುತ್ತಿದ್ದಾರೆ. ಯಾವುದರಿಂದ ಶುರು ಮಾಡಬೇಕು?
– ಓದುಗರೊಬ್ಬರು, ಮೈಸೂರು

ಉತ್ತರ: ಮುಂಗಡವನ್ನು ಸದ್ಯಕ್ಕೆ ಕೊಡಬೇಡಿ. ಈ ಜಮೀನು ಕೈತಪ್ಪಿದರೆ ಇನ್ನೊಂದು ಸಿಗುತ್ತದೆ. ಆದರೆ ನಿಮ್ಮೊಳಗೆ ಲಿಖಿತ ಕರಾರು ಇಲ್ಲದೆ ಯಾರೋ ಒಬ್ಬರ ಹೆಸರಿನಲ್ಲಿ ಹಣ ಹೋದರೆ, ಅದನ್ನು ವಾಪಸು ಪಡೆಯುವಷ್ಟರಲ್ಲಿ ಸ್ನೇಹ ಉಳಿದಿರುವುದಿಲ್ಲ.

ನೀವು ಬಯಸುವ ಬಗೆಯ ವಸತಿ ಡೆನ್ಮಾರ್ಕಿನಲ್ಲಿ ರೂಪುಗೊಂಡದ್ದು. ವಾಸ್ತುಶಿಲ್ಪಿ ಯಾನ್ ಗುಡ್ಮನ್ ಹೋಯರ್ ಮತ್ತು ಅವರ ಗೆಳೆಯರು 1964ರಲ್ಲಿ ಕೋಪನ್‌ಹೇಗನ್ ಹೊರವಲಯದಲ್ಲಿ ಜಾಗ ಕೊಂಡರು. ಸುತ್ತಲಿನವರು ಒಪ್ಪದ ಕಾರಣ ಅಲ್ಲಿ ಒಂದು ಮನೆಯೂ ಏಳಲಿಲ್ಲ. ಅಂಥ ಮೊದಲ ವಸತಿಯಾದ, 27 ಮನೆಗಳ ಸೆಟ್ಟೆಡಾಮೆನ್ ಸಿದ್ಧವಾದದ್ದು 1972ರಲ್ಲಿ. ಹೋಯರ್ ಅವರ 33 ಮನೆಗಳ ಯೋಜನೆ ಬೇರೊಂದು ಕಡೆ ಮುಗಿದದ್ದು ಅದರ ಮರುವರ್ಷ. ನಿಮಗೆ ಇಷ್ಟು ಕಾಲ ಹಿಡಿಯುತ್ತದೆ ಎಂದಲ್ಲ. ಆದರೆ ಆರು ತಿಂಗಳಲ್ಲಿ ಗೃಹಪ್ರವೇಶ ಎಂದು ಯಾರಾದರೂ ಹೇಳಿದ್ದರೆ ಆ ಲೆಕ್ಕವನ್ನು ಬಿಟ್ಟುಬಿಡಿ.

ಜಮೀನಿಗಿಂತ ಮೊದಲು ಇತ್ಯರ್ಥವಾಗಬೇಕಾದದ್ದು ಅಡುಗೆಮನೆ. ಡೆನ್ಮಾರ್ಕಿನ ಪದ್ಧತಿಯಲ್ಲಿ ಪ್ರತಿ ಮನೆಗೂ ಸ್ವಂತ ಒಲೆ ಇರುತ್ತದೆ. ಸಾಮೂಹಿಕ ಊಟ ಅದಕ್ಕೆ ಹೆಚ್ಚುವರಿಯೇ ಹೊರತು ಬದಲಿಯಲ್ಲ. ಅಲ್ಲಿ ಅಡುಗೆ ಸರದಿಯ ಮೇಲೆ ನಡೆಯುತ್ತದೆ, ಹೆಂಗಸರ ಪಾಲಿಗಷ್ಟೇ ಬಿದ್ದಿರುವುದಿಲ್ಲ. ನಿಮ್ಮ ಹನ್ನೊಂದು ಮನೆಗಳಲ್ಲಿ ಈರುಳ್ಳಿ ಬೆಳ್ಳುಳ್ಳಿ ಮುಟ್ಟದವರು ಎಷ್ಟು ಮಂದಿ, ಮಾಂಸದ ಅಡುಗೆಗೆ ಪ್ರತ್ಯೇಕ ಪಾತ್ರೆ ಸಾಕೋ ಪ್ರತ್ಯೇಕ ಒಲೆಯೂ ಬೇಕೋ, ಸರದಿ ತಪ್ಪಿಸಿದವರಿಗೆ ಏನು, ಪಾತ್ರೆ ತೊಳೆಯಲು ಆಳು ಇಟ್ಟರೆ ಸಂಬಳ ಮನೆ ಲೆಕ್ಕದಲ್ಲೋ ತಲೆ ಲೆಕ್ಕದಲ್ಲೋ ಎಂಬುದನ್ನೆಲ್ಲ ಒಂದು ಭಾನುವಾರ ಕುಳಿತು ಬರೆದುಕೊಳ್ಳಿ. ನಾನು ಬೆಳೆದ ವಠಾರದಲ್ಲಿ ಒಂಬತ್ತು ಮನೆಗಳಿಗೆ ಒಂದೇ ನಲ್ಲಿ ಇತ್ತು. ಸಾಲಿನಲ್ಲಿ ಕೊಡ ಇಟ್ಟು ಒಳಗೆ ಹೋದವರ ಕೊಡವನ್ನು ಪಕ್ಕಕ್ಕೆ ಸರಿಸಬಹುದೇ ಎಂಬ ಒಂದೇ ವಿಷಯಕ್ಕೆ ಎರಡು ಮನೆಯವರು ಆರು ವರ್ಷ ಮಾತು ಬಿಟ್ಟಿದ್ದರು. ಆ ಎರಡೂ ಮನೆಯವರು ಒಳ್ಳೆಯವರೇ.

ಬರೆದುಕೊಳ್ಳಲು ಕುಳಿತಾಗ ಒಂದೆರಡು ಕುಟುಂಬಗಳು ಹಿಂದೆ ಸರಿಯಬಹುದು. ಬೇಸರ ಬೇಡ, ತಳಪಾಯ ಹಾಕಿದ ಮೇಲೆ ಸರಿಯುವುದಕ್ಕಿಂತ ಅದು ಮೇಲು.

ಇನ್ನು ಜಮೀನಿನ ವಿಚಾರ. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಆದರೆ ಕೊಂಡ ಮಾತ್ರಕ್ಕೆ ಮನೆ ಕಟ್ಟುವ ಹಕ್ಕು ಬರುವುದಿಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಆಗಬೇಕು, ಯೋಜನಾ ಪ್ರಾಧಿಕಾರದ ಮಹಾಯೋಜನೆಯಲ್ಲಿ ಆ ಜಾಗ ವಸತಿ ವಲಯದಲ್ಲಿದೆಯೋ ಹಸಿರು ವಲಯದಲ್ಲಿದೆಯೋ ನೋಡಬೇಕು. ಪಹಣಿ, ಋಣಭಾರ ಪತ್ರಗಳನ್ನು ವಕೀಲರಿಗೆ ತೋರಿಸಿ. ದೊಡ್ಡ ಸರ್ವೆ ನಂಬರಿನಲ್ಲಿ ಒಂದು ಭಾಗ ಮಾತ್ರ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸುವ ಸರ್ವೆ ನಕ್ಷೆ, ಅಂದರೆ 11ಇ ನಕ್ಷೆ, ಬೇಕೇಬೇಕು. ಬಿಲ್ಡರ್ ಒಬ್ಬರು ಕಟ್ಟಿ ನಿಮಗೆ ಮಾರುವ ಏರ್ಪಾಡಾದರೆ, ಜಾಗ 500 ಚದರ ಮೀಟರನ್ನೂ ಮನೆಗಳ ಸಂಖ್ಯೆ ಎಂಟನ್ನೂ ಮೀರುವುದರಿಂದ, ಅವರು ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಮಾಡಿಸಲೇಬೇಕು. ಮನೆಗಳನ್ನು ಒಂದೇ ಕಟ್ಟಡದಲ್ಲಿ ಜೋಡಿಸಿದರೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಅನುಕೂಲವಿದೆ: ಅದರ ಪ್ರಕಾರ ಘೋಷಣಾ ಪತ್ರ ಮತ್ತು ಬೈಲಾ ನೋಂದಾಯಿಸಿದ ಮೇಲೆ, ಹಜಾರದಲ್ಲಿ ನನ್ನ ಪಾಲು ಒಡೆದುಕೊಡಿ ಎಂದು ಯಾರೂ ದಾವೆ ಹೂಡುವಂತಿಲ್ಲ.

ಒಂದೂಕಾಲು ಎಕರೆ ಎಂದರೆ 50 ಗುಂಟೆ, ಅಂದರೆ 54,450 ಚದರ ಅಡಿ. ಹನ್ನೊಂದರಿಂದ ಭಾಗಿಸಿ ಬೇಲಿ ಹಾಕಿದರೆ ಅದು ಬರೀ ಲೇಔಟ್ ಆಗುತ್ತದೆ. ವಾಹನಗಳನ್ನು ಗೇಟಿನ ಬಳಿಯೇ ನಿಲ್ಲಿಸಿ, ಅಲ್ಲಿಂದ ಮನೆಗೆ ಹೋಗುವ ಕಾಲುದಾರಿಯ ಮೇಲೆ ಊಟದ ಹಜಾರವನ್ನು ಇರಿಸಿ; ಕೆಲಸದಿಂದ ಬರುವವರು ಒಗ್ಗರಣೆಯ ವಾಸನೆ ಹಿಡಿದು ಒಳಗೆ ಇಣುಕಿಯೇ ಮುಂದೆ ಹೋಗಬೇಕು. ಮನೆಗಳ ಅಡುಗೆಮನೆಯ ಕಿಟಕಿ ಆ ದಾರಿಯ ಕಡೆಗಿದ್ದರೆ ದೋಸೆ ಹುಯ್ಯುತ್ತಲೇ ಮಕ್ಕಳ ಮೇಲೆ ಕಣ್ಣಿಡಬಹುದು. ಜಗುಲಿ ಮಾತ್ರ ಹಿತ್ತಿಲಿಗೂ ಒಂದಿರಲಿ, ಯಾರ ಮುಖವೂ ಬೇಡವೆನಿಸುವ ಸಂಜೆಗಳಿರುತ್ತವೆ. ಆಗ್ನೇಯ ಮೂಲೆಯಲ್ಲೇ ಒಲೆ ಬೇಕೆನ್ನುವವರ ಪಟ್ಟಿಯನ್ನೂ ವಾಸ್ತುಶಿಲ್ಪಿಗೆ ಮೊದಲೇ ಕೊಡಿ.

ಪ್ರಶ್ನೆ: ನಮ್ಮದೂ ಇಂಥದ್ದೇ ಗುಂಪು, ಏಳು ಮನೆಗಳು. ನಮ್ಮ ಕಾಲಾನಂತರ ಮಕ್ಕಳು ಮನೆಯನ್ನು ಅಪರಿಚಿತರಿಗೆ ಮಾರದಂತೆ ಕರಾರಿನಲ್ಲಿ ತಡೆಯಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಪೂರ್ತಿಯಾಗಿ ತಡೆಯಲು ಸಾಧ್ಯವಿಲ್ಲ. ವರ್ಗಾಯಿಸಿದ ಸ್ವತ್ತನ್ನು ಪಡೆದವರು ಮುಂದೆ ಮಾರಲೇಬಾರದು ಎಂಬ ಷರತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 10ನೇ ಕಲಮಿನಂತೆ ಅಸಿಂಧು. ಮಾರುವ ಮುನ್ನ ಉಳಿದ ಕುಟುಂಬಗಳಿಗೆ ಲಿಖಿತ ತಿಳಿವಳಿಕೆ ಕೊಟ್ಟು, ಅರವತ್ತು ಅಥವಾ ತೊಂಬತ್ತು ದಿನ ಅವರಿಗೆ ಮೊದಲು ಕೊಳ್ಳುವ ಅವಕಾಶ ಇರಬೇಕೆಂದು ಬರೆಸಿ. ಬೆಲೆಯನ್ನು ಯಾವ ಮೌಲ್ಯಮಾಪಕರಿಂದ, ಹೇಗೆ ನಿಗದಿಪಡಿಸಬೇಕೆಂಬುದನ್ನೂ ಅಲ್ಲೇ ಸೇರಿಸಿ, ಇಲ್ಲದಿದ್ದರೆ ಆ ತೊಂಬತ್ತು ದಿನ ಬೆಲೆಯ ಜಗಳದಲ್ಲೇ ಕಳೆಯುತ್ತದೆ. ಮಕ್ಕಳು ಹದಿನೆಂಟು ದಾಟಿದ್ದರೆ ಅವರನ್ನು ಈಗಲೇ ಒಂದು ಸಭೆಗೆ ಕರೆದು ಈ ಪುಟವನ್ನು ಓದಿ ಹೇಳಿ.