ಹೂಮಳೆ ಎಲ್ಲಿ ಹೋಯಿತು?

ಮೂಡಿಗೆರೆಯ ಮಿತ್ರರಿಗೆ,

'ದತ್ತಾಂಶ ಗಣಿಗಾರಿಕೆಯಲ್ಲಿ ಕ್ಷೇತ್ರಜ್ಞಾನದ ಮಹತ್ವ' ಎಂಬ ನಿಮ್ಮ ಲೇಖನ ಓದಿದೆ. ರಾಶಿ ದಾಖಲೆಗಳಲ್ಲಿ ಅಡಗಿದ ಸಂಬಂಧಗಳನ್ನು ಕಂಪ್ಯೂಟರಿನಿಂದ ಹುಡುಕಿಸುವ ಈ ಗಣಿಗಾರಿಕೆಯನ್ನು ನೀವು ಕಾಫಿ ತೋಟದ ದಾಖಲೆಗಳ ಮೇಲೆ ಪ್ರಯೋಗಿಸಿದ್ದೀರಿ. ಈಗಿರುವ ರೂಪದಲ್ಲಿ ಅಚ್ಚಿಗೆ ಹೋಗುವುದಿಲ್ಲ. ತಿದ್ದಿದರೆ ಹೋದೀತು.

'ಕ್ಷೇತ್ರಜ್ಞಾನ ಅತ್ಯಗತ್ಯ' ಎಂದು ಏಳು ಸಲ ಬರೆದಿದ್ದೀರಿ. ಆ ಜ್ಞಾನ, ಅಂದರೆ ಕಸುಬು ಬಲ್ಲವರ ತಿಳಿವಳಿಕೆ, ಕಂಪ್ಯೂಟರ್ ಲೆಕ್ಕದ ಕ್ರಮವಾದ ಅಲ್ಗಾರಿದಮ್‌ನ ಒಳಗೆ ಯಾವ ಬಾಗಿಲಿನಿಂದ ಬರುತ್ತದೆ ಎಂದು ಒಮ್ಮೆಯೂ ಹೇಳಿಲ್ಲ. 1994ರಲ್ಲಿ ಅಗ್ರವಾಲ್ ಮತ್ತು ಶ್ರೀಕಾಂತ್ ಪ್ರಕಟಿಸಿದ ಎಪ್ರಿಯೋರಿ ಎಂಬ, ಯಾವ ಸಂಗತಿಗಳು ಪದೇ ಪದೇ ಜೊತೆಯಾಗಿ ಬರುತ್ತವೆಂದು ಎಣಿಸುವ ವಿಧಾನದ ವಿವರಣೆ ಚೆನ್ನಾಗಿಯೇ ಇದೆ. ಎರಡು ಸಂಗತಿಗಳು ಜೊತೆಯಾಗಿ ಬರುವುದೇ ಅಪರೂಪವಾದರೆ, ಅವಕ್ಕೆ ಮೂರನೆಯದನ್ನು ಸೇರಿಸಿ ಎಣಿಸುವ ಗೋಜಿಗೆ ಅದು ಹೋಗುವುದಿಲ್ಲ. ಅದು ಬರೀ ಲೆಕ್ಕದ ಜಾಣತನ. ಅದಕ್ಕೆ ಕಾಫಿಯೂ ಗೊತ್ತಿಲ್ಲ, ಮೆಣಸೂ ಗೊತ್ತಿಲ್ಲ.

ಹಾಗಾಗಿಯೇ 'ರೋಬಸ್ಟಾ ಇದ್ದಲ್ಲಿ ಬಿಳಿ ಕಾಂಡಕೊರಕ ಇಲ್ಲ' ಎಂಬುದು ನಿಮ್ಮ ಪ್ರಯೋಗದ ದೊಡ್ಡ ಶೋಧವಾಗಿಬಿಟ್ಟಿದೆ! ಕಾಂಡ ಕೊರೆಯುವ ಆ ಹುಳು ಇನ್ನೊಂದು ಬಗೆಯ ಕಾಫಿಯಾದ ಅರೇಬಿಕಾದ ಪೀಡೆ ಎಂದು ಯಾವ ತೋಟದ ಮೇಸ್ತ್ರಿಯಾದರೂ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಹೇಳುತ್ತಿದ್ದರು. ಗೊತ್ತಿರುವುದನ್ನು ಮೊದಲೇ ಕೊಟ್ಟು, ಅದನ್ನೇ ಮತ್ತೆ ಹೊತ್ತು ತರದಂತೆ ಹುಡುಕಾಟವನ್ನು ಕಟ್ಟಿಹಾಕಬಹುದಿತ್ತು.

ನಿಮ್ಮ ಕೋಷ್ಟಕದಲ್ಲಿ ಮಳೆಗೆ ಒಂದೇ ಅಂಕಣ, ವರ್ಷದ ಒಟ್ಟು ಮಳೆ. ಇಲ್ಲಿ ನಾನು ಪೆನ್ನು ಕೆಳಗಿಟ್ಟೆ. ತೋಟದ ಮನೆಯಲ್ಲೇ ಬೆಳೆದವರು ನೀವು. ಬೇಸಿಗೆಯ ಮೊದಲಿಗೆ ಬೀಳುವ ಹದವಾದ ಹೂಮಳೆ, ಎಂಟು ಹತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗುವುದು, ಆಮೇಲೆ ಕಾಯಿ ನಿಲ್ಲಲು ಬೇಕಾದ ಇನ್ನೊಂದು ಮಳೆ, ಎಲ್ಲವೂ ಜುಲೈನ ಜಡಿಮಳೆಯ ಲೆಕ್ಕದಲ್ಲಿ ಕೊಚ್ಚಿಹೋಗಿವೆ. ಹೂಮಳೆ ಬಿದ್ದ ದಿನಕ್ಕೊಂದು, ಅದರ ಮಿಲಿಮೀಟರಿಗೊಂದು, ಮುಂದಿನ ಮಳೆಯವರೆಗಿನ ದಿನಗಳಿಗೊಂದು ಅಂಕಣ ಮಾಡಿ. ಅರೇಬಿಕಾ ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ಸೊರಗುವುದರಿಂದ ಹಿಂದಿನ ಸಾಲಿನ ಫಸಲೂ ಬೇಕು. ನಾನು ಕೇಳಿದ ಬಾಗಿಲು ಇದೇ.

ಇನ್ನು ಲೇಖನದಲ್ಲಿ ಸುಳಿಯದೇ ಇರುವ ಒಂದು ಅಪಾಯ. ಅನುಭವಿಗಳ ನಂಬಿಕೆಯನ್ನೆಲ್ಲ ಕಡ್ಡಾಯ ಮಾಡಿದರೆ ಕಂಪ್ಯೂಟರ್ ಅವರ ಮಾತನ್ನೇ ಗಿಣಿಪಾಠ ಒಪ್ಪಿಸುತ್ತದೆ. ನಾಳೆ ರೋಬಸ್ಟಾದಲ್ಲೇ ಕೊರಕ ಕಂಡಿತೆಂದು ದಾಖಲೆ ಬಂದರೆ ಅಳಿಸಬೇಡಿ. ತೋಟದ ಲೆಕ್ಕ ಬರೆಯುವ ರೈಟರ ಕೈತಪ್ಪೋ ನಿಜವೋ, ಗಿಡ ನೋಡಿ ಬನ್ನಿ. ಬೇಕಾದರೆ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯವರನ್ನು ಕೇಳಿ.

ಬ್ರೆಡ್ಡು ಕೊಂಡವರು ಬೆಣ್ಣೆಯನ್ನೂ ಕೊಳ್ಳುತ್ತಾರೆಂಬ ಸೂಪರ್ ಮಾರ್ಕೆಟ್ಟಿನ ಉದಾಹರಣೆಯ ಎರಡು ಪುಟಗಳನ್ನು ನಾನೇ ಹೊಡೆದುಹಾಕಿದ್ದೇನೆ. ಆ ಜಾಗಕ್ಕೆ ನಿಮ್ಮ ತಂದೆಯವರ ಮಳೆ ಪುಸ್ತಕದ ಒಂದು ಪುಟ ನಕಲು ಮಾಡಿ ಕಳುಹಿಸಿ. ಕೊಯ್ಲು ಮುಗಿದ ಮೇಲೆ ಸಾಕು.

ಸಂಪಾದಕ, ಚಿಕ್ಕಮಗಳೂರು